ನೆಪಕ್ಕೊಂದು ಮಗು

ಶಿವಗಂಗೆ ಬೆಟ್ಟದಲ್ಲಿ ಒಳಕಲ್ಲು ತೀರ್ಥ ದಾಟಿದ ಮೇಲೆ ದಾರಿ ಕಡಿದಾಗುತ್ತದೆ. ಅಲ್ಲಿಯತನಕ ಊರ ರಾಜಕೀಯ ಮಾತಾಡಿಕೊಂಡು ಬಂದವರೂ ಅಲ್ಲಿಗೆ ಬಾಯಿ ಮುಚ್ಚುತ್ತಾರೆ. ಭಾನುವಾರ ಬೆಂಗಳೂರಿನಿಂದ ಬೈಕಿನಲ್ಲಿ ಬರುವ ಹುಡುಗರು ಮಾತ್ರ ಅಲ್ಲೂ ಮುಚ್ಚುವುದಿಲ್ಲ. ಮೊನ್ನೆ ಅಂಥದೊಂದು ಗುಂಪು ನನ್ನ ಮುಂದಿತ್ತು. ಕಂಬಿ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದ ಗೆಳೆಯನ ಕಡೆಗೆ ಮೇಲಿನವನೊಬ್ಬ ತಿರುಗಿ, ಮುದುಕರ ಕೀರಲು ದನಿ ಮಾಡಿ, ಬೆರಳೆತ್ತಿ, “ಜಾಕೀ... ಇನ್ನೊಂದ್ ವಿಷ್ಯಾ!” ಎಂದು ಕೂಗಿದ. ಕೆಳಗಿನಿಂದ ನಾನು, “ಹೇಳಿ ಅಂಕಲ್” ಅಂದುಬಿಟ್ಟೆ.

ಅಷ್ಟೂ ಜನ ತಿರುಗಿ ನೋಡಿದರು. ಹಣೆಯಲ್ಲಿ ವಿಭೂತಿ, ಮೀಸೆಯಲ್ಲಿ ಬಿಳಿ, ಕೈಯಲ್ಲಿ ಕೋತಿಗಳಿಗೆ ಕಾಣದ ಹಾಗೆ ಟವೆಲಿನಲ್ಲಿ ಸುತ್ತಿಕೊಂಡ ಹಣ್ಣುಕಾಯಿ. “ಅಂಕಲ್, ನೀವೂ ನೋಡ್ತಿದ್ರಾ?” ಎಂದು ಒಬ್ಬ ಕೇಳಿದ. ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಆ ‘ನೀವೂ’ನಲ್ಲಿದ್ದ ಅಚ್ಚರಿಗೆ ನಾನು ಕೊಂಚ ಕುಗ್ಗಿದೆ. “ನಮ್ಮ ಅಳಿಯ ನೋಡ್ತಿದ್ದ, ಚಿಂಟು ಟಿವೀಲಿ” ಅಂದೆ.

ಅದು ಸುಳ್ಳಲ್ಲ. ಅಳಿಯ ನೋಡುತ್ತಿದ್ದದ್ದು ನಿಜ. ಅವನು ಬಿಟ್ಟ ಮೇಲೂ ನಾನು ನೋಡುತ್ತಿದ್ದೆ, ಈಗಲೂ ನೋಡುತ್ತೇನೆ ಎಂಬುದನ್ನು ಆ ಇಳಿಜಾರಿನಲ್ಲಿ ನಿಂತು ಗುರುತಿಲ್ಲದವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಹದಿನೈದು ವರ್ಷದ ಮೇಲಾಯಿತು. ಡಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ನನಗೆ ಕೆಲಸ, ಬೆಟ್ಟದ ಬುಡದಲ್ಲಿರುವ ಅಕ್ಕನ ಮನೆಯಲ್ಲಿ ವಾಸ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನ ಮುದ್ದೆ ಹೊತ್ತಿಗೆ ಎಚ್ಚರ. ಸಂಜೆ ಅಳಿಯ ಶಾಲೆಯಿಂದ ಬಂದು ಚೀಲ ಎಸೆದು ರಿಮೋಟು ಹಿಡಿದರೆ ಆ ಮನೆಯಲ್ಲಿ ಏಳುವವರು, ಕೂರುವವರು, ಹಜಾರ ದಾಟುವವರು ಎಲ್ಲ ಜಾಕಿ ಚಾನ್ ಕಾರ್ಟೂನು ನೋಡಲೇಬೇಕು. ಭಾವನವರೊಬ್ಬರೇ ನೋಡದವರು. ಅವರು ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತು, ಬೆಳಿಗ್ಗೆಯೇ ಓದಿ ಮುಗಿಸಿದ್ದ ಪೇಪರನ್ನು ಮತ್ತೆ ಬಿಡಿಸುತ್ತಿದ್ದರು. “ಗಂಡಸರು ನೋಡೋದೇನ್ರಪ್ಪಾ ಅದು” ಎಂದು ಒಂದು ಸಲ ಅಂದದ್ದು ನೆನಪು.

ನನಗೆ ಮೊದಲು ಹಿಡಿಸಿದ್ದು ಕಥೆಯಲ್ಲ, ಆ ಮನೆಯ ವ್ಯವಸ್ಥೆ. ಜಾಕಿ ಪ್ರಾಚ್ಯವಸ್ತು ಶೋಧಕ, ಹಳೇ ಗುರಾಣಿ ಸಿಕ್ಕರೆ ಸಾಕು ಎನ್ನುವ ಮನುಷ್ಯ. ಅವನ ತಲೆಯ ಮೇಲೆ ಹಾಂಗ್‌ಕಾಂಗಿನಿಂದ ಬಂದ ಜೇಡ್ ಎಂಬ ತರಲೆ ಹುಡುಗಿ; ‘ನೀನು ಇಲ್ಲೇ ಇರು’ ಎಂದರೆ ಅಲ್ಲಿರದಿರುವುದೇ ಅವಳ ಕೆಲಸ. ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ಸಿಡುಕು ಅಂಕಲ್, ಒಂದು ಮಾತು ಮುಗಿಸಿ ಇನ್ನೊಂದಕ್ಕೆ ತಿರುಗಿ ಬರುವವರು. ಅಪ್ಪ ಅಮ್ಮ ಯಾರೂ ಕಣ್ಣಳತೆಯಲ್ಲಿಲ್ಲ. ಅಕ್ಕನ ಮನೆಯಲ್ಲಿ ಉಂಡುಕೊಂಡು, ಅಕ್ಕನ ಮಗನನ್ನು ಸ್ಕೂಲಿಗೆ ಬಿಟ್ಟುಬರುವ ಸೋದರಮಾವನಿಗೆ ಆ ಮನೆ ಅರ್ಥವಾಗಲು ಯಾವ ವಿವರಣೆಯೂ ಬೇಕಿರಲಿಲ್ಲ.

ಆಮೇಲೆ ಬಂದವು ಹನ್ನೆರಡು ತಾಯತಗಳು. ಶೆಂಡು ಎಂಬ ಕಲ್ಲಾದ ರಾಕ್ಷಸನ ಮೈಯಿಂದ ಕಳಚಿ ಲೋಕದ ತುಂಬ ಚೆದುರಿದ ಹನ್ನೆರಡು ಪ್ರಾಣಿಗಳ ಬಿಲ್ಲೆಗಳು. ಹುಂಜದ್ದು ಇದ್ದರೆ ಗಾಳಿಯಲ್ಲಿ ತೇಲಬಹುದು, ಎತ್ತಿನದು ಇದ್ದರೆ ಬಲ, ಹಾವಿನದು ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಮೊಲದ್ದು ವೇಗಕ್ಕೆ, ಕುರಿಯದು ದೇಹ ಬಿಟ್ಟು ಆತ್ಮ ತಿರುಗಾಡಲಿಕ್ಕೆ, ಹಂದಿಯದು ಕಣ್ಣಿಂದ ಸುಡಲಿಕ್ಕೆ, ಡ್ರಾಗನ್ನಿನದು ಬೆಂಕಿಗೆ, ಕೋತಿಯದು ರೂಪ ಬದಲಿಸಲಿಕ್ಕೆ. ನಾಯಿಯದಕ್ಕೆ ಸಾವಿಲ್ಲ. ಕುದುರೆಯದು ಗಾಯ, ನೋವು, ಕಾಯಿಲೆ ಎಲ್ಲ ವಾಸಿ ಮಾಡುತ್ತದೆ. ಹುಲಿಯದು ಒಳಗಿನ ಒಳಿತು ಕೆಡುಕುಗಳ ಸಮತೋಲ; ಅದು ಎರಡು ಹೋಳಾದರೆ ಮನುಷ್ಯನೂ ಇಬ್ಬರಾಗುತ್ತಾನೆ. ಇಲಿಯದು ನಿಶ್ಚಲವಾದದ್ದಕ್ಕೆ ಚಲನೆ ಕೊಡುತ್ತದೆ. ಸಂಬಳದ ಚೀಟಿಯಲ್ಲಿ ಎಷ್ಟು ಕಡಿತವಾಯಿತೆಂದು ನಾನು ಬಾಯಿಪಾಠ ಹೇಳಲಾರೆ. ಇದನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ.

ಶಿವಗಂಗೆಯವರಿಗೆ ಇದು ಬೇಗ ಹತ್ತಲು ಬೇರೆ ಕಾರಣವೂ ಇದೆ. ನಮ್ಮ ಬೆಟ್ಟವೇ ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ. ಕಕುದ್ಗಿರಿ ಎಂಬ ಹಳೆಯ ಹೆಸರೂ ಎತ್ತಿನ ಹಿಣಿಲಿನಿಂದಲೇ ಬಂದದ್ದು. ಇದನ್ನು ಕೇಳಿದ ದಿನವೇ ಅಳಿಯ ಬೆಟ್ಟವನ್ನು ವಿಂಗಡಿಸತೊಡಗಿದ. ಪೂರ್ವಕ್ಕೆ ಎತ್ತು, ಉತ್ತರಕ್ಕೆ ಹಾವು, ಗಣಪನ ಕಡೆಗೆ ಅವನ ವಾಹನ ಇಲಿ. ಕೋತಿಗೆ ದಿಕ್ಕು ಹುಡುಕಬೇಕಾಗಿಯೇ ಇರಲಿಲ್ಲ, ಅವು ಎಲ್ಲ ದಿಕ್ಕಿನಲ್ಲೂ ಇದ್ದವು. ಲಿಂಗದ ಮಗ್ಗುಲೊಂದು ಉಳಿಯಿತು. “ಅದಕ್ಕೆ ನಾಯಿದು ಕೊಡಾಣ ಮಾವ, ಸಾವೇ ಇಲ್ಲದ್ದು” ಅಂದ. ತರ್ಕದಲ್ಲಿ ಏನೂ ಲೋಪವಿರಲಿಲ್ಲ. ಆದರೆ ಅಕ್ಕ ಒಳಗಿನಿಂದ ಸೌಟು ಹಿಡಿದುಕೊಂಡು ಬಂದಳು, ಇಬ್ಬರಿಗೂ.

ಅವನ ದೊಡ್ಡ ಯೋಜನೆ ಇದ್ದದ್ದು ತುದಿಯ ಬಸವಣ್ಣನ ಮೇಲೆ. ಬೆಟ್ಟದ ನೆತ್ತಿಯಲ್ಲಿ ಕಲ್ಲಿನಲ್ಲೇ ಕಡೆದ ನಂದಿ ಇದೆ. ಅದರ ಸುತ್ತ ಕಂಬಿ ಹಿಡಿದು ಜೀವ ಕೈಯಲ್ಲಿಟ್ಟುಕೊಂಡು ಪ್ರದಕ್ಷಿಣೆ ಹಾಕಬೇಕು. ಇಲಿಯ ತಾಯತ ಅದಕ್ಕೆ ಮುಟ್ಟಿಸಿದರೆ? ಎದ್ದ ಬಸವಣ್ಣ ಯಾವ ಕಡೆ ಇಳಿಯುತ್ತಾನೆ? ಡಾಬಸ್‌ಪೇಟೆ ಕಡೆಗೆ ಇಳಿದರೆ ತುಮಕೂರು ರಸ್ತೆಯ ಟೋಲಿನಲ್ಲಿ ದುಡ್ಡು ಕೇಳುತ್ತಾರೋ ಇಲ್ಲವೋ? ಇದರ ಮೇಲೆ ನಾವಿಬ್ಬರೂ ಎಷ್ಟೋ ಸಂಜೆ ಕಳೆದಿದ್ದೇವೆ. ನನ್ನ ವಾದ, ಬಸವಣ್ಣ ಎಲ್ಲಿಗೂ ಹೋಗುವುದಿಲ್ಲ, ಗಂಗಾಧರೇಶ್ವರನ ಗುಡಿಯ ಮುಂದೆ ಬಂದು ಮಲಗುತ್ತಾನೆ ಎಂದು. ತುಪ್ಪ ಹಚ್ಚಿದರೆ ಬೆಣ್ಣೆಯಾಗುವ ಲಿಂಗವಿರುವ ಗುಡಿ ಅದು. ಅಂಕಲ್ ಏನಾದರೂ ಒಂದು ಸಲ ಅಲ್ಲಿಗೆ ಬಂದಿದ್ದರೆ ಅಂಗಡಿ ಮುಚ್ಚಿ ಇಲ್ಲೇ ಉಳಿಯುತ್ತಿದ್ದರು.

ಜಾಕಿಯ ವೃತ್ತಿಯವರಿಗೂ ಈ ಬೆಟ್ಟದಲ್ಲಿ ಕೆಲಸವಿದೆ. ತುದಿಯ ಬಂಡೆಯಂಚು ತೋರಿಸಿ ಶಾಂತಲೆ ಬಿದ್ದದ್ದು ಇಲ್ಲಿಂದಲೇ ಎಂದು ಹೇಳದ ಮಾರ್ಗದರ್ಶಿ ಯಾರಿದ್ದಾರೆ? ವಿಷ್ಣುವರ್ಧನನ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂಬುದಕ್ಕೆ ಶ್ರವಣಬೆಳಗೊಳದ ಶಾಸನದ ಸಾಕ್ಷಿ ಇದೆ; ಬಿದ್ದ ಕಥೆಗೆ ಜನರ ಪ್ರೀತಿಯೇ ಸಾಕ್ಷಿ. ಒಂಬೈನೂರು ವರ್ಷಕ್ಕೆ ಹತ್ತಿರವಾಯಿತು, ಇನ್ನೂ ಅವಳ ಮೇಲಿನ ಅಭಿಮಾನ ಇಳಿದಿಲ್ಲ. ಬಿದ್ದಳೆಂದರೆ ಕಣ್ಣು ಒದ್ದೆಯಾಗುತ್ತದೆ, ಜೈನರ ಕ್ರಮದಲ್ಲಿ ವ್ರತ ಹಿಡಿದು ದೇಹ ಬಿಟ್ಟಿರಬಹುದು ಎಂದರೆ ಯಾರೂ ನಿಂತು ಕೇಳುವುದಿಲ್ಲ. ಸರಿ, ಇದು ಬೇರೆ ಮಾತು.

ಅಳಿಯ ಹೈಸ್ಕೂಲಿಗೆ ಹೋದ. ಒಂದು ಸಂಜೆ ನಾನೇ ಚಾನೆಲ್ ಹಾಕಿ ಕರೆದರೆ, “ಅದು ಮಕ್ಳದ್ದು ಮಾವ” ಅಂದು ಬ್ಯಾಟು ತಗೊಂಡು ನಡೆದ. ಮಕ್ಕಳಿಗೆ ಒಂದು ಅನುಕೂಲವಿದೆ: ಅವರು ದೊಡ್ಡವರಾಗಬಹುದು. ದೊಡ್ಡವನಾಗಿಯೇ ಹಿಡಿಸಿಕೊಂಡವನು ಇನ್ನು ಏನಾಗಬೇಕು? ಯಾವ ವಯಸ್ಸಿಗೆ ಬಿಡಬೇಕು? ಅಕ್ಕ ಮಾತ್ರ ತಕ್ಷಣ ಹೇಳಿದಳು: “ಮದ್ವೆ ವಯಸ್ಸಲ್ಲಿ ಬೊಂಬೆಯಾಟ ನೋಡ್ತಾ ಕೂತಿದ್ದೀಯಲ್ಲೋ. ಹೆಣ್ಣು ಕೊಡೋರು ಬಂದ್ರೆ ಏನನ್ಬೇಕು?”

ಅಲ್ಲಿಯತನಕ ಅಳಿಯ ಇದ್ದ, ನೆಪವಿತ್ತು. ನಮ್ಮ ಕಡೆ ಮಕ್ಕಳ ವಸ್ತುವಿನ ಮೇಲೆ ದೊಡ್ಡವರ ಆಸೆ ನಡೆಯುವುದೇ ಹೀಗೆ, ಒಂದು ಮಗುವನ್ನು ಮುಂದಿಟ್ಟುಕೊಂಡು. ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿಗೆ ಹತ್ತಬೇಕಾದರೆ ಅಕ್ಕಪಕ್ಕದವರ ಮಗುವನ್ನಾದರೂ ಎತ್ತಿಕೊಳ್ಳುತ್ತಾರೆ. ನಮ್ಮಪ್ಪ ‘ಚಂದಮಾಮ’ ತರುತ್ತಿದ್ದದ್ದು ನಮಗೆ. ಆದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಬೇತಾಳನ ಕಥೆಯ ಪುಟದಲ್ಲಿ ಬಸ್ ಟಿಕೆಟು ಸಿಕ್ಕಿಸಿರುತ್ತಿತ್ತು. ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಲ್ಲಿ ಹುಟ್ಟಿಸಿದ ಆ ಪತ್ರಿಕೆ ಕನ್ನಡದಲ್ಲಿ ಬರತೊಡಗಿದ್ದು 1949ರಲ್ಲಿ. ಆವತ್ತಿನಿಂದ ಅದು ನಿಂತುಹೋಗುವವರೆಗೆ ಅದನ್ನು ‘ಮಕ್ಕಳಿಗೋಸ್ಕರ’ ತಂದ ಅಪ್ಪಂದಿರ ಲೆಕ್ಕ ತೆಗೆದರೆ, ಮಕ್ಕಳಿಗಿಂತ ಅವರೇ ಹೆಚ್ಚಿರುತ್ತಾರೆ ಎಂದು ನನ್ನ ಗುಮಾನಿ. ಹೆಗಲ ಮೇಲೆ ಹೆಣ, ಅದರೊಳಗೆ ಬೇತಾಳ, ಕೈಯಲ್ಲಿ ಕತ್ತಿ: ಶಂಕರ್ ಬರೆದ ಆ ಚಿತ್ರವನ್ನು ಎಪ್ಪತ್ತು ದಾಟಿದವರೂ ಈಗ ಕಣ್ಣುಮುಚ್ಚಿ ಗೆರೆಗೆರೆ ಹೇಳುತ್ತಾರೆ. 2020ರಲ್ಲಿ ಆ ಕಲಾವಿದರು ತೀರಿಕೊಂಡಾಗ ಅತ್ತವರ ಪೈಕಿ ಮಕ್ಕಳು ಯಾರೂ ಇರಲಿಲ್ಲ.

ನನಗೆ ಹೊಸ ನೆಪ ಬೇಕಾಯಿತು. ಸಿಕ್ಕಿತು. ಕನ್ನಡ!

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಐವತ್ತು ಅರವತ್ತರ ದಶಕದಲ್ಲಿ ಕನ್ನಡ ಸಿನಿಮಾ ಇನ್ನೂ ಮದರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ಜಾಗ ಬೇಡುತ್ತಿದ್ದ ಕಾಲ. ಬೇರೆ ಭಾಷೆಯ ಚಿತ್ರಗಳು ಕನ್ನಡದ ದನಿ ಹಾಕಿಸಿಕೊಂಡು ಬಂದು ಇಲ್ಲಿನ ಟಾಕೀಸುಗಳಲ್ಲಿ ಕೂತುಬಿಡುತ್ತಿದ್ದವು. ಅದರ ವಿರುದ್ಧ ಅ.ನ.ಕೃ., ಮ. ರಾಮಮೂರ್ತಿ ಬೀದಿಗಿಳಿದರು, ರಾಜಕುಮಾರ್ ಜೊತೆಗೆ ನಿಂತರು. ಡಬ್ಬಿಂಗ್ ನಿಂತಿತು. ಕಾನೂನೇನೂ ಬರಲಿಲ್ಲ, ಬರೀ ಒಪ್ಪಂದ, ಬರೀ ಅಂಜಿಕೆ, ಬರೀ ಮರ್ಯಾದೆ. ಆ ಹೊತ್ತಿಗೆ ಅದು ಬೇಕಿತ್ತು ಎಂದೇ ನನ್ನ ನಂಬಿಕೆ. ಅದಿಲ್ಲದಿದ್ದರೆ ನಮಗೆ ನಮ್ಮದೇ ಸಿನಿಮಾ ಇಷ್ಟರಮಟ್ಟಿಗೆ ಸಿಗುತ್ತಿರಲಿಲ್ಲ. ಆದರೆ ಒಂದು ಬೇಸಿಗೆಗೆಂದು ಕಟ್ಟಿದ ಒಡ್ಡನ್ನು ಅರ್ಧ ಶತಮಾನ ಯಾರೂ ಒಡೆಯಲಿಲ್ಲ. ಲೋಕದ ಯಾವ ಮನುಷ್ಯನೂ ತೆರೆಯ ಮೇಲೆ ಕನ್ನಡ ಮಾತಾಡುವ ಹಾಗಿರಲಿಲ್ಲ. ಹಿಮಾಲಯ ಹತ್ತುವವನು ಇಂಗ್ಲಿಷಿನಲ್ಲಿ ಹತ್ತಬೇಕು, ಆನೆಯ ಬಗ್ಗೆ ಹೇಳುವವನು ಹಿಂದಿಯಲ್ಲಿ ಹೇಳಬೇಕು. 2012ರ ಮೇ 6ರಂದು ಆಮಿರ್ ಖಾನನ ‘ಸತ್ಯಮೇವ ಜಯತೇ’ ಶುರುವಾದಾಗ ತಮಿಳರು ತಮಿಳಿನಲ್ಲಿ, ತೆಲುಗರು ತೆಲುಗಿನಲ್ಲಿ, ಮಲಯಾಳಿಗಳು ಮಲಯಾಳದಲ್ಲಿ ಕಣ್ಣೊರೆಸಿಕೊಂಡರು. ನಮ್ಮ ಅಕ್ಕ ಹಿಂದಿಯಲ್ಲಿ ನೋಡಿ, ಎಲ್ಲಿ ಅಳಬೇಕೆಂದು ತಿಳಿಯದೆ, ಆಮಿರ್ ಖಾನ್ ಅತ್ತಾಗ ಅತ್ತಳು.

ಆ ಒಡ್ಡಿನಲ್ಲಿ ಒಂದೇ ಒಂದು ತೂಬು ತೆರೆದಿತ್ತು. ಅದು ಮಕ್ಕಳದ್ದು. 2009ರಲ್ಲಿ ಸನ್ ಬಳಗದ ಚಿಂಟು ಟಿವಿ ಬಂದಾಗ ಅದರಲ್ಲಿ ಕಾರ್ಟೂನುಗಳೆಲ್ಲ ಕನ್ನಡದಲ್ಲೇ ಮಾತಾಡುತ್ತಿದ್ದವು. ಬೊಂಬೆ ತಾನೇ, ಮಕ್ಕಳು ತಾನೇ ಎಂದು ದೊಡ್ಡವರು ಆ ಕಡೆ ನೋಡಲಿಲ್ಲ. ಹೀಗಾಗಿ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದವನೊಬ್ಬ ಆ ದಿನಗಳಲ್ಲಿ ಟಿವಿಯೊಳಗೆ ದೇಶ ಸುತ್ತಬೇಕೆಂದರೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂರಬೇಕಿತ್ತು. ಬವೇರಿಯಾದ ಕೋಟೆ, ಮೆಕ್ಸಿಕೋದ ಕುಸ್ತಿ ಅಖಾಡ ಎಲ್ಲ ನಾನು ಕಂಡದ್ದು ಹಾಗೆಯೇ. ಈಗ ಹಿಂತಿರುಗಿ ನೋಡಿದರೆ ನಗು ಬರುತ್ತದೆ. ಉತ್ತರದಿಂದ ಬಂದ ಮಹಾಭಾರತ ಧಾರಾವಾಹಿಯ ಅರ್ಜುನ ನಮ್ಮ ಹಜಾರದಲ್ಲಿ ಕನ್ನಡ ಮಾತಾಡಿದ್ದು 2020ರಲ್ಲಿ, ಕೊರೊನಾ ಬಂದು ಶೂಟಿಂಗೆಲ್ಲ ನಿಂತ ಮೇಲೆ. ಜಾಕಿ ಚಾನ್ ಅಷ್ಟರಲ್ಲಿ ಕನ್ನಡ ಕಲಿತು, ಮಾತಾಡಿ, ಒಂದು ತಲೆಮಾರು ಬೆಳೆಸಿ ಮುಗಿಸಿದ್ದ.

ಇದನ್ನು ಹಿಡಿದುಕೊಂಡು ನಾನು ಡಾಬಸ್‌ಪೇಟೆಯ ಟೀ ಅಂಗಡಿಯಲ್ಲಿ ನಿಂತೆ. ನಾನು ಕಾರ್ಟೂನು ನೋಡುತ್ತಿಲ್ಲ, ಕನ್ನಡಿಗನ ಹಕ್ಕು ಚಲಾಯಿಸುತ್ತಿದ್ದೇನೆ ಎಂಬುದು ನನ್ನ ನಿಲುವು. ನಮ್ಮ ಪಾಳಿಯಲ್ಲಿ ಅಣ್ಣಾವ್ರ ಅಭಿಮಾನಿಯೊಬ್ಬ ಇದ್ದ, ನೆತ್ತರಲ್ಲೇ ಅಭಿಮಾನಿ. 2014ರ ಜನವರಿಯಲ್ಲಿ ಡಬ್ಬಿಂಗ್ ಬೇಡವೆಂದು ಚಿತ್ರರಂಗವೇ ಕೆಲಸ ನಿಲ್ಲಿಸಿ ಬೆಂಗಳೂರಿನಲ್ಲಿ ಮೆರವಣಿಗೆ ಮಾಡಿತಲ್ಲ, ಆ ವಾರ ಅವನು ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. “ಒಬ್ಬನ ಬಾಯಿಗೆ ಇನ್ನೊಬ್ಬನ ದನಿ ತುರುಕೋದು ಕಲೇನಾ? ದನಿ ಅಂದ್ರೆ ಜೀವ ಕಣಯ್ಯ” ಎಂದು ಟೀ ಲೋಟ ಕುಕ್ಕಿದ.

ಅವನ ಮಾತಿಗೆ ಉತ್ತರ ಹುಡುಕುತ್ತಾ ನನಗೆ ಸಿಕ್ಕಿದ ಸಂಗತಿಯನ್ನು ನಾನು ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಿರುತ್ತೇನೆ. ಆ ಕಾರ್ಟೂನು ಅಮೆರಿಕದಲ್ಲಿ ಬಂದದ್ದು 2000ದಿಂದ 2005ರವರೆಗೆ, 95 ಕಂತು. ಜಾಕಿ ಚಾನನದೇ ಹೆಸರು, ಅವನದೇ ಮೂಗು, ಅವನದೇ ಒದೆತ. ಕಂತುಗಳ ಕೊನೆಗೆ ನಿಜವಾದ ಜಾಕಿ ಚಾನ್ ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಹೇಳುತ್ತಿದ್ದ. ಆದರೆ ಬೊಂಬೆ ಜಾಕಿಯ ದನಿ ಅವನದಲ್ಲ! ಇಂಗ್ಲಿಷಿನಲ್ಲಿ ಅದನ್ನು ಆಡಿದವನು ಜೇಮ್ಸ್ ಸೈ ಎಂಬ ನಟ. ಅಂದರೆ ಮೂಲವೇ ಎರವಲು ದನಿ. ಇಂಗ್ಲಿಷಿನ ಮಕ್ಕಳೂ ಜಾಕಿಯ ಬಾಯಲ್ಲಿ ಇನ್ನೊಬ್ಬರನ್ನೇ ಕೇಳಿದರು. ನಮ್ಮ ಹಜಾರಕ್ಕೆ ಬಂದ ಜಾಕಿ ನಕಲಿನ ನಕಲಲ್ಲ. ಖಾಲಿ ಬಾಯೊಂದಕ್ಕೆ ಅವರು ಒಂದು ದನಿ ಹಾಕಿದರು, ನಾವೂ ಒಂದು ಹಾಕಿದೆವು. ಹಕ್ಕು ಸಮಸಮ. ಅವರು ಮೊದಲು ಹಾಕಿದರು ಅಷ್ಟೆ.

“ಹೋಗ್ಲಿ, ಪಿ.ಬಿ. ಶ್ರೀನಿವಾಸ್ ಯಾರಪ್ಪಾ?” ಎಂದು ಕೇಳಿದೆ. ರಾಜಕುಮಾರ್ 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡುವವರೆಗೆ, ಎಷ್ಟು ವರ್ಷ ಅವರ ತುಟಿಯಲ್ಲಿ ಶ್ರೀನಿವಾಸರ ಗಂಟಲನ್ನು ನಾವು ಕೇಳಲಿಲ್ಲ? ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದವರ ಗಂಟಲು. ಶರೀರ ಒಬ್ಬರದು ಶಾರೀರ ಇನ್ನೊಬ್ಬರದು ಎಂದು ಹೆಮ್ಮೆಯಿಂದ ಹೇಳಿಕೊಂಡವರು ನಾವೇ ತಾನೆ? ಅಭಿಮಾನಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅದು ಬೇರೆ” ಅಂದ. ಅವನು ಸೋಲುವವನಲ್ಲ. ಟೀ ದುಡ್ಡು ಮಾತ್ರ ಕೊಟ್ಟ.

2015ರ ಜುಲೈನಲ್ಲಿ ಭಾರತದ ಸ್ಪರ್ಧಾ ಆಯೋಗ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರ ಮಾರ್ಚಿನಲ್ಲಿ ಅಜಿತ್‌ನ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಟಾಕೀಸಿಗೆ ಬಂತು. ಬಂದಷ್ಟೇ ಬೇಗ ಹೋಯಿತು. ಆಮೇಲೆ ಒಂದೊಂದಾಗಿ ಎಲ್ಲರೂ ಕನ್ನಡ ಕಲಿತರು. 2022ರಲ್ಲಿ ‘ಅವತಾರ್’ನ ನೀಲಿ ಜನ ಕೂಡ. ನಾನು ಗೆದ್ದೆ. ಗೆದ್ದದ್ದೇ ಸಂಕಟವಾಯಿತು. ಈಗ ಕನ್ನಡದಲ್ಲಿ ಲೋಕ ನೋಡಬೇಕಾದರೆ ಕಾರ್ಟೂನೇ ಆಗಬೇಕೆಂದಿಲ್ಲ. ಹುಲಿ ಸಿಂಹಗಳ ಚಿತ್ರ ನೋಡಬಹುದು, ಪೊಲೀಸರ ಚಿತ್ರ ನೋಡಬಹುದು. ನಾನು ಮಾತ್ರ ಫೋನಿನಲ್ಲಿ ಸಿಕ್ಕುವ, ಯಾರೋ ಪುಣ್ಯಾತ್ಮರು ಟಿವಿಯಿಂದ ಹಿಡಿದಿಟ್ಟ, ಮೂಲೆಯಲ್ಲಿ ಗುರುತಿನ ಚಿಹ್ನೆ ಅರ್ಧ ಮಸುಕಾದ ಹಳೇ ತುಣುಕುಗಳನ್ನೇ ಹುಡುಕುತ್ತಿದ್ದೆ. ಅಳಿಯನೂ ಇಲ್ಲ, ಚಳವಳಿಯೂ ಇಲ್ಲ. ಉಳಿದದ್ದು ಇಷ್ಟ ಒಂದೇ. ಅದನ್ನು ಯಾರಿಗೆ ಹೇಳುವುದು?

ಅಮೆರಿಕದಲ್ಲಿ ಇದನ್ನು ಹೇಳಿಕೊಂಡವರಿದ್ದಾರೆ. ಅಲ್ಲಿ 2010ರಲ್ಲಿ ಪುಟ್ಟ ಹುಡುಗಿಯರಿಗೆಂದು ಬಣ್ಣಬಣ್ಣದ ಕುದುರೆಮರಿಗಳ ಕಾರ್ಟೂನೊಂದು ಶುರುವಾಯಿತು, ‘ಮೈ ಲಿಟಲ್ ಪೋನಿ’. ನೋಡುತ್ತಾ ನೋಡುತ್ತಾ ಅದಕ್ಕೆ ಗಡ್ಡ ಬಂದ ಗಂಡಸರು ಮುಗಿಬಿದ್ದರು. ಬ್ರೋನಿಗಳೆಂದು ಹೆಸರಿಟ್ಟುಕೊಂಡು, 2011ರಲ್ಲಿ ನ್ಯೂಯಾರ್ಕಿನಲ್ಲಿ ನೂರರಷ್ಟು ಜನ ಸೇರಿ ಮೇಳ ಮಾಡಿದರು. ಅದು ಬೆಳೆಯುತ್ತಾ ಬಾಲ್ಟಿಮೋರಿಗೆ ಹೋಗಿ, 2019ರ ಆಗಸ್ಟ್‌ನಲ್ಲಿ ಹತ್ತು ಸಾವಿರ ಮೀರಿದ ಜನರ ನಡುವೆ ಕೊನೆಯ ಮೇಳವಾಯಿತು. ಅಕ್ಟೋಬರಿನಲ್ಲಿ ಕಾರ್ಟೂನೂ ಮುಗಿಯಿತು. ಸಣ್ಣ ಮೇಳಗಳು ಬೇರೆ ಊರುಗಳಲ್ಲಿ ಇನ್ನೂ ನಡೆಯುತ್ತವಂತೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ತಲೆಗೆ ಕುದುರೆ ಕಿವಿ ಕಟ್ಟಿಕೊಂಡು ಹೊರಟರಲ್ಲ, ಒಬ್ಬರೂ ಕಂಕುಳಲ್ಲಿ ಮಗು ಎತ್ತಿಕೊಳ್ಳಲಿಲ್ಲವಲ್ಲ! ಆದರೂ ನನಗೊಂದು ಅನುಮಾನ. ನೆಪವೇ ಇಲ್ಲದ ಪ್ರೀತಿಗೆ ಹೊಸ ಮೇವು ಬೇಕಾಗುತ್ತದೆ. ಹೊಸ ಕಂತು, ಹೊಸ ಅಂಗಿ, ಹೊಸ ಮೇಳ. ಕದ್ದು ನೋಡುವವನಿಗೆ ಹಳೆಯದೇ ತಿಂಗಳುಗಟ್ಟಲೆ ಬರುತ್ತದೆ. ಬೈಸಿಕೊಳ್ಳುವ ಭಯ ಇರುವತನಕ ನೋಡಿದ್ದೇ ನೋಡಿದರೂ ಸಪ್ಪೆಯಾಗುವುದಿಲ್ಲ. ಮೇಳ ಮುಗಿದ ಮರುದಿನ ಬಾಲ್ಟಿಮೋರಿನಲ್ಲಿ ಕಿವಿ ಬಿಚ್ಚಿಟ್ಟವರ ಪೈಕಿ ಎಷ್ಟು ಜನ ಈಗಲೂ ಮಧ್ಯರಾತ್ರಿ ಎದ್ದು ಹಳೇ ಕಂತು ಹಾಕುತ್ತಾರೋ, ಅವರೇ ನನ್ನ ಕುಲದವರು.

ಹೋದ ವರ್ಷದಿಂದ ಅಕ್ಕನ ಮನೆಯಲ್ಲಿ ಮತ್ತೆ ಒಂದು ಮಗು ಓಡಾಡುತ್ತಿದೆ. ಅಕ್ಕನ ಮಗಳ ಮಗಳು, ನಾಲ್ಕು ತುಂಬಿದೆ. ನನ್ನ ಸಂಭ್ರಮ ಕೇಳಬೇಡಿ. ಬಂದ ವಾರದಲ್ಲೇ ಫೋನು ಹಿಡಿದು ಪಕ್ಕ ಕೂರಿಸಿಕೊಂಡು, “ನೋಡು ಪುಟ್ಟಿ, ಇವ್ನು ಜಾಕಿ” ಎಂದು ಶುರುಮಾಡಿದೆ. ಅಂಕಲ್ ಬಂದರು, ದೈತ್ಯ ಮೈಯ ತೋರು ಬಂದ, ಬಾಗಿಲು ಮುರಿಯಿತು, ಏಣಿ ಬಿತ್ತು, ಜಾಕಿ ಬೆರಳು ಉಫ್ ಎಂದು ಊದಿಕೊಂಡ. ಅವಳು ಬಹಳ ಗಂಭೀರವಾಗಿ ನೋಡಿ, “ಇದ್ರಲ್ಲಿ ಮೊಟ್ಟೆ ಯಾವಾಗ ಒಡೀತಾರೆ?” ಎಂದು ಕೇಳಿದಳು. ಅವಳು ನೋಡುವುದು ಯಾವುದೋ ದೇಶದ ಕೈಗಳೆರಡು ಪ್ಲಾಸ್ಟಿಕ್ ಮೊಟ್ಟೆ ಒಡೆದು ಆಟದ ಸಾಮಾನು ತೆಗೆಯುವ ವಿಡಿಯೋ. ಮುಖವಿಲ್ಲ, ಕಥೆಯಿಲ್ಲ, ಮಾತೇ ಇಲ್ಲ. ಯಾರೂ ಡಬ್ ಮಾಡಬೇಕಾದ ಗೋಜೇ ಇಲ್ಲ. ಐವತ್ತು ವರ್ಷದ ಜಗಳವನ್ನು ಆ ಎರಡು ಕೈಗಳು ಹೀಗೆ ತೀರಿಸಿಬಿಟ್ಟವು.

ಅಳಿಯ ಈಗ ಬೆಂಗಳೂರಿನಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಇದನ್ನೆಲ್ಲ ಹೇಳಿ, ನಮ್ಮ ಹನ್ನೆರಡರಲ್ಲಿ ಎಷ್ಟು ನೆನಪಿದೆಯೆಂದು ಪರೀಕ್ಷೆ ಮಾಡಿದೆ. ಹುಂಜ, ಎತ್ತು, ಹಾವು, ಡ್ರಾಗನ್ ಎಂದು ಬೆರಳು ಮಡಚಿ ಎಂಟಕ್ಕೆ ನಿಂತ. ಹುಲಿಯದನ್ನು ಬಲಕ್ಕೆ ಹಾಕಿದ. ಆಫೀಸಿನಲ್ಲಿ ಅವನ ವಯಸ್ಸಿನವರೆಲ್ಲ ಈಗ ಚಿಂಟು ಟಿವಿ ನೆನೆಸಿಕೊಂಡು ಒಬ್ಬರಿಗೊಬ್ಬರು ತಮಾಷೆ ಚಿತ್ರ ಕಳಿಸಿಕೊಳ್ಳುತ್ತಾರಂತೆ. ಕೇಳಿ ನನಗೆ ಮುನಿಸೇ ಬಂತು. ಬಿಟ್ಟುಹೋದವರಿಗೆ ಅದು ಬಾಲ್ಯದ ನೆನಪಾಗಿ, ಹೇಳಿಕೊಳ್ಳಬಹುದಾದ ವಸ್ತುವಾಗಿ ವಾಪಸು ಸಿಕ್ಕಿದೆ. ಬಿಡದೆ ಹಿಡಿದುಕೊಂಡವನಿಗೆ ಆ ಸೌಲಭ್ಯವಿಲ್ಲ. ನನಗೆ ಅದು ಹಳೇ ನೆನಪಲ್ಲ, ನಿನ್ನೆ ರಾತ್ರಿ ನೋಡಿದ್ದು.

“ನಾಯಿ, ಕೋತಿ, ಕುರಿ... ಇನ್ನೊಂದ್ ಯಾವ್ದು ಮಾವ?” ಎಂದು ಅಳಿಯ ತಲೆ ಕೆರೆದುಕೊಳ್ಳುತ್ತಿದ್ದ. ಭಾವನವರು ಜಗುಲಿಯಲ್ಲಿದ್ದರು. ಅರವತ್ತೈದು ದಾಟಿದ್ದಾರೆ, ಮಂಡಿ ಹಿಡಿದುಕೊಂಡಿದೆ, ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾರೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ತಿರುಗದೆಯೇ, “ಕುದುರೆ ಕಣ್ಲಾ” ಅಂದರು.

ಹಜಾರದಲ್ಲಿದ್ದವರೆಲ್ಲ ಅವರ ಬೆನ್ನು ನೋಡಿದೆವು. ಅಕ್ಕ ಅಡಿಗೆಮನೆ ಬಾಗಿಲಿಗೆ ಬಂದಳು. ಭಾವ ಎಣ್ಣೆಯ ಬಾಟಲಿಯ ಮುಚ್ಚಳ ತಿರುವುತ್ತಾ, “ಏನು ಹಂಗ್ ನೋಡ್ತೀರಾ? ಹುಡುಗನಿಗೋಸ್ಕರ ಹಾಕ್ತಿದ್ರಲ್ಲ, ಕಿವಿಗೆ ಬೀಳ್ತಿತ್ತು” ಅಂದರು.